ಚೀಟಿ ಸುಳ್ಳ ಹೇಳಿಲ್ಲ

ಇಲ್ಲ, ಏಳಬ್ಯಾಡ. ಜ್ವಾಳಾ ಹಸನ ಮಾಡೂದಿದ್ದರ ಇಲ್ಲೇ ಕೂತ ಮಾಡು, ಮರಾ ನಾನ ತಂದ ಕೊಡತೇನಿ. ಜಗಳಾ ತಗ್ಯಾಕ ಬಂದಿಲ್ಲ ನಾ. ಒಂದ ಮಾತ ಕೇಳೂದೈತಿ, ಅಷ್ಟ. ಮೂವತ್ತ ವರ್ಷ ಸಂಸಾರ ಮಾಡೀವಿ ಕಸ್ತೂರಿ. ಗಂಡ ಒಂದ ಮಾತ ಕೇಳತೇನಿ ಅಂದಕೂಡಲೇ ಹೆಂಡ್ತಿ ಎದ್ದ ಅಡಗಿಮನಿಗೆ ಹೋಗೂದು ಯಾವ ನ್ಯಾಯ?

ಭಾಂಡೆ ತೊಳಿಯೂ ಮಷೀನಿಂದ ಮಾತು. ಹೌದು, ಮತ್ತ ಅದ. ಹಣಿ ಬಡಕೋಬ್ಯಾಡ.

ಹೋದ ದೀಪಾವಳಿಗೆ ರಾಜಶ್ರೀ ಹುಬ್ಬಳ್ಳಿಯಿಂದ ಬಂದಾಗ ಕೊಡಿಸಿದಳು. ಅವ್ವನ ರಟ್ಟಿ ನೋಯತಾವ, ಇನ್ನ ಭಾಂಡೆ ತಿಕ್ಕೂದ ಬ್ಯಾಡ ಅಂತ. ಛಲೋ ಆತು. ಮಗಳು ಕೊಡಿಸಿದ್ದು, ನಾ ಬ್ಯಾಡ ಅಂದೇನೇನ? ಆದರ ಬಾಗಲಿಗೆ ಹಚ್ಚಿದ ಆ ಬಣ್ಣದ ಚೀಟಿ ನೀ ಕೀಳಾಕ ಹೋದಿ ನೋಡು, ಆವಾಗ ಬಿಡಲಿಲ್ಲ ನಾ. ಯಾಕಂದರ ಅದು ಕಂಪನ್ಯಾವರು ಬರದ ಕೊಟ್ಟ ಮಾತು. ನಾಳೆ ಮಷೀನ ಬ್ಯಾರೆ ಹೇಳಿದರ ಹಿಡದ ಕೇಳಾಕ ಬರತೇತಿ. ಈ ಮುಧೋಳದಾಗ ಹನ್ನೆರಡ ವರ್ಷ ಪಂಪಸೆಟ್ಟಿನ ಅಂಗಡಿ ನಡಿಸೇನಿ. ಡಬ್ಬಿ ಮ್ಯಾಲ ಒಂದ ಬರದಿರತಾರ, ಡಬ್ಬ್ಯಾಗ ಒಂದ ಇರತೇತಿ. ಎಷ್ಟ ನೋಡಿಲ್ಲ ನಾ.

ಚೀಟ್ಯಾಗ ಮ್ಯಾಲ ಹಸರ ಬಾಣಾ, ಕೆಳಗ ಬರಬರತ ಹಳದಿ, ಕಟ್ಟಕಡೀಕ ಕೆಂಪ ಬಾಣಾ. ನಮ್ಮದು ಎ ಪ್ಲಸ್. ಎ ಪ್ಲಸ್ ಅಂದರ ಸಾಲ್ಯಾಗ ಮೊದಲನೇ ನಂಬರ ಬಂದಂಗ ಅಂತ ತಿಳದಿದ್ದೆ. ಚಾಳೀಸ ಹಾಕ್ಕೊಂಡ ನೋಡಿದರ ಅದರ ಮ್ಯಾಲ ಇನ್ನೂ ಎರಡ ಬಾಣಾ ಅದಾವ, ಎರಡ ಪ್ಲಸ್ಸಿಂದೊಂದು, ಮೂರ ಪ್ಲಸ್ಸಿಂದೊಂದು. ಅಲ್ಲಿಗೆ ನಮ್ಮದು ಮೂರನೇ ನಂಬರ. ಅಲ್ಲೇ ಸಂಶೆ ಬಂತ ನನಗ.

ಅದರ ಕೆಳಗ ವರ್ಷಕ್ಕ ಇನ್ನೂರಾ ತೊಂಬತ್ತ ಯುನಿಟ್ಟು, ಮೂರ ಸಾವಿರದ ಮುನ್ನೂರಾ ಅರವತ್ತ ಲೀಟರ ನೀರು ಅಂತ ಬರದಾರ. ರಾಜಶ್ರೀಗೆ ಫೋನ ಮಾಡಿ ಕೇಳಿದೆ, ವರ್ಷ ಅಂದರ ಎಷ್ಟ ಸಲ ತೊಳದದ್ದು ಅಂತ. ಇನ್ನೂರಾ ಎಂಬತ್ತ ಸಲ ಅಪ್ಪಾ, ಅಂದಳು. ಅಲ್ಲ, ವರ್ಷಕ್ಕ ಮುನ್ನೂರಾ ಅರವತ್ತೈದ ದಿನಾ. ಉಳದ ಎಂಬತ್ತೈದ ದಿನಾ ಅವರ ಉಪಾಸ ಇರತಾರೇನ?

ನಗಬ್ಯಾಡ. ಆಕೀಗೂ ಹಿಂಗ ಕೇಳಿದೆ, ಆಕೀನೂ ಹಿಂಗ ನಕ್ಕಳು. ತಾಯಿ ಮಗಳು ಇಬ್ಬರೂ ಒಂದ ಅಚ್ಚು.

ಇರಲಿ. ಒಂದ ಸಲ ತೊಳದರ ಒಂದ ಯುನಿಟ್ಟು, ಹನ್ನೆರಡ ಲೀಟರ ನೀರು ಅಂತಾತು. ಹನ್ನೆರಡ ಮಂದಿ ಉಂಡ ಭಾಂಡೆ ಹಿಡಿತಾವ ಅದರಾಗ. ಮನ್ಯಾಗ ಇರೂದ ನಾವಿಬ್ಬರ. ಎರಡ ದಿನಕ್ಕೊಮ್ಮೆ ಹಾಕಿದರ ಧಾರಾಳ ಆತು, ಹೌದಿಲ್ಲೊ? ತಿಂಗಳಿಗೆ ಹದಿನೈದ ಯುನಿಟ್ಟ ಮ್ಯಾಲ ಹೋಗಬಾರದು. ಲೈಟ ಬಿಲ್ಲಿನ್ಯಾಗ ನಲವತ್ತ ಹೆಚ್ಚ ಬಂದಾವ. ಬ್ಯಾರೆ ಏನೂ ಹೊಸಾದ ತಂದಿಲ್ಲ ಮನಿಗೆ.

ಮೊದಲ ಕಂಪನಿನ ಕಳ್ಳ ಅಂದೆ. ಮಷೀನ ಮಾರಿದ ಮಲಕಾಜಪ್ಪನ ಅಂಗಡಿಗೆ ಹೋಗಿ, ನಾಕ ಮಂದಿ ಗಿರಾಕಿ ಮುಂದ, ನಿನ್ನ ಚೀಟಿ ಸುಳ್ಳ ಐತೆಪಾ ಅಂದೆ. ಅವ ಸಿಟ್ಟಿಗೆ ಬರಲಿಲ್ಲ. ಮರುದಿನಾ ತಾನ ಬಂದಾ, ನೀ ಮಠಕ್ಕ ಹೋಗಿದ್ದಿ. ಮಷೀನಿಗೆ ಒಂದ ಸಣ್ಣ ಮೀಟರ ಹಚ್ಚಿ ಇಬ್ಬರೂ ಮೂರ ತಾಸ ಅದರ ಮುಂದ ಕೂತಿವಿ. ಒಂದ ಯುನಿಟ್ಟಿನ ಮ್ಯಾಲ ಕೂದಲೆಳಿಯಷ್ಟ ಹೆಚ್ಚ ಆತು. ಚೀಟ್ಯಾಗ ಬರದಂಗ.

"ಕಾಕಾ, ಚೀಟಿ ಸುಳ್ಳ ಹೇಳಿಲ್ಲರಿ" ಅಂದಾ. "ಆದರ ಅದು ಈ ನಿಧಾನದ ಬಟನ್ನಿಂದಷ್ಟ ಹೇಳತೇತಿ. ಮೂರ ತಾಸ ತೊಳಿತೇತಿ, ಕರೆಂಟ ಕಡಿಮಿ ತಿಂತೇತಿ. ಬಾಜೂಕ ಲಗೂನ ತೊಳಿಯೂ ಬಟನ್ ಐತಿ ನೋಡ್ರಿ, ಅದು ತಾಸಿನ್ಯಾಗ ಮುಗಸತೇತಿ, ನೀರ ಬಾಳ ಕಾಸತೇತಿ. ಅದರದು ಚೀಟ್ಯಾಗ ಇರೂದಿಲ್ಲ. ಇನ್ನ ಆ ಇನ್ನೂರಾ ಎಂಬತ್ತ ಅನ್ನೂದು ನಿಮ್ಮ ಮನಿ ಲೆಕ್ಕಲ್ಲರಿ, ಮಷೀನಿಗೆ ಮಷೀನ ತೂಗಾಕ ಒಂದ ತೂಕದ ಕಲ್ಲ ಇದ್ದಂಗ."

ಆತಲ್ಲ. ಕಂಪನಿ ಕಳ್ಳ ಅಲ್ಲ, ಮಲಕಾಜಪ್ಪ ಕಳ್ಳ ಅಲ್ಲ. ಉಳದದ್ದು ಲಗೂನ ತೊಳಿಯೂ ಬಟನ್.

ಯಾಕ ಲಗೂನ? ಯಾರಿಗೆ ಗಡಬಡಿ ಐತಿ ಈ ಮನ್ಯಾಗ? ಮುಂಜಾನೆ ಒತ್ತಿಬಿಟ್ಟರ ತನ್ನಷ್ಟಕ್ಕ ತಾ ತೊಳಕೋತ ಇರತೇತಿ, ನೀ ಏನ ಕಾಯೂ ಕೆಲಸಿಲ್ಲ. ಸೋಪಿನ ಗುಳಿಗಿ ಡಬ್ಬಿನೂ ನೋಡಿದೆ. ಮೂವತ್ತ ಗುಳಿಗಿ, ಎರಡ ತಿಂಗಳ ಬರಬೇಕಾದದ್ದು. ಒಂದ ತಿಂಗಳಿಗೆ ಮುಗದೈತಿ. ದಿನಾ ಹಾಕತಿ. ಮಧ್ಯಾಹ್ನ ಹಾಕತಿ. ನಾ ಅಂಗಡಿಯಿಂದ ಬರೂದರೊಳಗ ತೊಳದ, ಒಣಗಿ, ಗಂಗಾಳ ಅದರ ಅದರ ಜಾಗಾಕ್ಕ ಹೋಗಿರಬೇಕು. ಹೌದಿಲ್ಲೊ?

ಮಾತಾಡು.

ಮಾತಾಡಬ್ಯಾಡ, ನಡಿತೇತಿ. ನಾನ ಹೇಳತೇನಿ. ಮೊದಲ ಬಾಜೂ ಮನಿ ಸುಂದರವ್ವನ ಮ್ಯಾಲ ಸಂಶೆ ತಗೊಂಡೆ. ತನ್ನ ಮನಿ ಭಾಂಡೆ ಬುಟ್ಟ್ಯಾಗ ತುಂಬಕೊಂಡ ಬಂದ ಇಲ್ಲಿ ತೊಳಸ್ಕೊಂಡ ಹೋಗತಾಳ ಅಂತ. ಎರಡ ದಿನಾ ಆಕೀ ಬಾಗಲಾ ಕಾದೆ. ಪಾಪ, ಆಕೀ ಹೊರಗ ನಳದ ಮುಂದ ಕೂತ ಬೂದಿ ಹಚ್ಚಿ ತಿಕ್ಕತಿದ್ದಳು. ನನ್ನ ನೋಡಿ, ಏನ ಹುಡಕತೀರಿ ಅಣ್ಣಾರ, ಅಂದಳು. ನಾಯಿ ಬಂದಿತ್ತೇನ ಅಂತ ಸುಳ್ಳ ಹೇಳಿದೆ.

ಹಂಗಾರ ಯಾರ? ನೀ ಉಣ್ಣೂದು ಒಂದ ಗಂಗಾಳ. ಒಂದ ಗಂಗಾಳಕ್ಕ ಮಷೀನ ಯಾರೂ ಹಾಕೂದಿಲ್ಲ. ಎರಡನೇ ಗಂಗಾಳ ಇದ್ದರ, ಅದನ್ನ ನಾ ನೋಡಬಾರದು ಅಂತಿದ್ದರ, ಆವಾಗ ಹಾಕತಾರ.

ಅದಕ್ಕ ಹೋದ ತಿಂಗಳ ಒಂದ ಗುರುವಾರ, ಎರಡೂವರಿಗೆ, ಅಂಗಡಿ ಕದಾ ಹಾಕಿ ಮನಿಗೆ ಬಂದೆ.

ಯಾಕ ತಲಿ ಎತ್ತಿದಿ? ಹೌದು, ಬಂದಿದ್ದೆ. ನಿನಗ ಗೊತ್ತಿಲ್ಲ. ಬಾಗಲದಾಗ ಗಾಡಿ ನಿಂತಿತ್ತು, ಕಬ್ಬಿನ ಸಿಪ್ಪಿ ಹತ್ತಿತ್ತು ಅದರ ಗಾಲಿಗೆ. ಸಕ್ಕರಿ ಫ್ಯಾಕ್ಟರ್ಯಾಗ ಕಬ್ಬ ತೂಗೂ ಕಾಟಾದಾಗ ಕೆಲಸಾ ಮಾಡಾವನ ಗಾಡಿ. ಕಿಡಕ್ಯಾಗಿಂದ ಧ್ವನಿ ಬಂತು. "ವೈನಿ, ಇನ್ನ ಸಾಕ್ರಿ, ಹೊಟ್ಟಿ ತುಂಬೇತಿ." ನೀ ಏನೋ ಅಂದಿ. ಅವ ನಕ್ಕಾ.

ಗುರುಸಿದ್ದ. ನನ್ನ ಬೆನ್ನಿಗೆ ಬಿದ್ದ ತಮ್ಮ. ಹದಿನಾಕ ವರ್ಷದ ಮ್ಯಾಲ ಆ ಹೆಸರ ನನ್ನ ಬಾಯಾಗ ಬಂತ ನೋಡು.

ಒಳಗ ಬರಬೇಕಂತನ ಕಾಲ ಎತ್ತಿದೆ. ಹೊಸ್ತಲಾ ದಾಟಲಿಲ್ಲ. ತಿರಗಿ ಹೋಗಿ ಬಸ್‌ಸ್ಟ್ಯಾಂಡಿನ್ಯಾಗ ಕೂತೆ, ನಾಕ ಹೊಡಿಯೂ ತನಕ. ಅವತ್ತಿನಿಂದ ದಿನಾ ನಾಕರ ಮ್ಯಾಲ ಬರತೇನಿ. ಅಂಗಡ್ಯಾಗ ಗಿರಾಕಿ ಬಾಳ ಅಂತ ನಿನ್ನ ಮುಂದ ಹೇಳತಿದ್ದೆ. ಗಿರಾಕಿ ಎಲ್ಲಿ ಬಂತು? ಬಸ್ ನೋಡಕೋತ ಕೂಡತೇನಿ. ಜಮಖಂಡಿ ಬಸ್ಸು, ಬೀಳಗಿ ಬಸ್ಸು, ಬನಹಟ್ಟಿ ಬಸ್ಸು. ಕಂಡಕ್ಟರುಗೋಳೂ ಗುರತ ಹಿಡದಾರ ಈಗ.

ಹಂಗ್ಯಾಕ ನೋಡತಿ? ಗೊತ್ತಿದ್ದ ಮ್ಯಾಲ ಇಷ್ಟ ಹೊತ್ತ ಯಾಕ ಪೋಲೀಸ ಕೇಳಿದಂಗ ಕೇಳಿದಿ ಅಂತೇನ? ನಿನ್ನ ಬಾಯಿಂದ ಬರಲಿ ಅಂತ ಕೇಳಿದೆ. ನೀ ಅಂದಿದ್ದರ, ಹೌದು, ಮೈದುನಾ ಉಣ್ಣಾಕ ಬರತಾನ, ಏನ ಈಗ, ಅಂತ ಜಗಳಾ ತಗದಿದ್ದರ, ನಾ ಒಂದೆರಡ ಒದರಿ, ಆಮ್ಯಾಲ ಬರಲಿ ಬಿಡು ಅಂತಿದ್ದೆ. ಸಸಾರ ಆಗತಿತ್ತು. ನೀ ಆ ದಾರಿನೂ ಕೊಡಲಿಲ್ಲ.

ನಿನ್ನದ ತಪ್ಪಲ್ಲ. ಹೆಂಡ್ತಿ ಶೇವಂತಿ ತೀರಿಕೊಂಡ ಮ್ಯಾಲ ಅವನ ಮನ್ಯಾಗ ಒಲಿ ಹತ್ತೂದಿಲ್ಲಂತ ಊರಿಗೇ ಗೊತ್ತೈತಿ. ಎರಡ ವರ್ಷ ಆತು ಆಕೀ ಸತ್ತು. ಗಂಡಸು, ಒಬ್ಬಾವ, ಏನ ಬೇಯಿಸ್ಕೊಂಡ ತಿಂತಾನ? ನೀ ಕರದಿ, ಉಣಿಸಿದಿ. ವೈನಿ ಅಂದರ ತಾಯಿ ಇದ್ದಂಗ. ಅದಕ್ಕೇನಿಲ್ಲ. ಆದರ ಕಳ್ಳನಂಗ ಯಾಕ? ಉಂಡ ಗಂಗಾಳ ತಾಸಿನ್ಯಾಗ ತೊಳದ ಮುಚ್ಚಿಡೂ ಹಂಗ ಅವ ಏನ ಮಾಡ್ಯಾನ? ಯಾವ ತಪ್ಪೂ ಮಾಡಲಾರದಾವ ತನ್ನ ಅಣ್ಣನ ಮನ್ಯಾಗ…

ಯಾಕ ಕೈ ನಿಂತು? ಮರಾ ಯಾಕ ಕೆಳಗಿಟ್ಟಿ?

ಏನೂ ಅಂದಿಲ್ಲ ನಾ. ಮಾತ ಮಾತಿನ್ಯಾಗ ಬಂತು. ತಪ್ಪ ಮಾಡ್ಯಾನ ಅಂತನ ನಾ ಹೇಳಕೋತ ಬಂದೇನಿ, ಊರ ಮುಂದ, ದೈವದ ಮುಂದ, ನಿನ್ನ ಮುಂದ. ನಮ್ಮ ಊರು ಡ್ಯಾಮಿನ ಹಿನ್ನೀರಾಗ ಹೋದಾಗ ಸರಕಾರ ಕೊಟ್ಟ ಹೊಸಾ ಊರಾಗಿನ ಮನಿ ಜಾಗಾ ನನ್ನ ಹೆಸರಿಗೆ ಬರಬೇಕಾಗಿತ್ತು, ಅವನ ಹೆಸರಿಗೆ ಬಂತು. ಅವನ ಒಳಗಿಂದೊಳಗ ಬರಿಸ್ಕೊಂಡಾ ಅಂದೆ. ಅವ ಆಣಿ ಮಾಡಿದಾ, ನಂಬಲಿಲ್ಲ. ಜಾಗಾ ನನಗ ಬಿಟ್ಟ ಕೊಡಾಕ ಬಂದಾ, ಕಳ್ಳನ ಕೈಯಿಂದ ತಗೊಳ್ಳೂದಿಲ್ಲ ಅಂದೆ.

ನೋಡಬ್ಯಾಡ ಹಂಗ, ಕಸ್ತೂರಿ.

ಆತು. ಹೇಳತೇನಿ. ಒಮ್ಮೆ ಬ್ಯಾರೆ ಕಾಗದಾ ತರಾಕ ಆ ಜಾಗಾ ಹಂಚಿದ ಕಚೇರಿಗೆ ಹೋಗಿದ್ದೆ. ಗುಮಾಸ್ತ ಹಳೀ ಫೈಲ ಬಿಚ್ಚಿ ಮುಂದ ಇಟ್ಟಾ. ಅದರಾಗ ಗುರುಸಿದ್ದನ ಅರ್ಜಿ ಇತ್ತು, ಅವನ ಕೈಬರಹ. "ಹಿರಿಯರ ಮನಿಯ ಬದಲಿ ಜಾಗಾ ನಮ್ಮ ಅಣ್ಣ ಗಿರಿಮಲ್ಲಪ್ಪನ ಹೆಸರಿಗೇ ಮಾಡಿಕೊಡಬೇಕು." ಹಿಂಗಂತ ಬರದ ಸಹಿ ಮಾಡಿದ್ದಾ. ಕಚೇರ್ಯಾವರ ಬರಕೊಳ್ಳೂ ಮುಂದ ತಪ್ಪಿದ್ದರು. ಅಷ್ಟ. ಎರಡ ಸಲ ಓದಿದೆ. ಫೈಲ ಮುಚ್ಚಿ ಕೊಟ್ಟ ಬಂದೆ. ಯಾರ ಮುಂದೂ ಬಾಯಿ ಬಿಡಲಿಲ್ಲ. ಇಷ್ಟ ವರ್ಷ ಕಳ್ಳ ಅಂದ ಬಾಯಿಲೆ ಏನಂತ ಹೇಳಬೇಕಾಗಿತ್ತು ನಾ?

ಇವತ್ತ ಬರತಾನಲ್ಲ? ನಾ ಅಂಗಡಿಗೆ ಹೋಗೂದಿಲ್ಲ. ಮನ್ಯಾಗ ಇರತೇನಿ. ಮೊದಲ ಅವಗ ಹೇಳಬ್ಯಾಡ, ಹೇಳಿದರ ಬರೂದಿಲ್ಲ ಅವ. ಇಬ್ಬರಿಗೂ ಕೂಡೇ ಬಡಿಸು. ಅರ್ಜಿ ನೋಡೇನಿ ಅಂತ ನಾನ ಹೇಳತೇನಿ. ತಪ್ಪ ನಂದು ಅಂತನೂ ಹೇಳತೇನಿ. ಒಂದ ಮಾತಿಗಷ್ಟ ನೀ ನಡುವ ಬಾಯಿ ಹಾಕಬ್ಯಾಡ. ಯಾವಾಗ ನೋಡಿದಿ ಅಂತ ಅವ ಕೇಳಿದರ, ಮೊನ್ನೆ ನೋಡಿದೆ ಅಂತೇನಿ. ಅಷ್ಟ ಒಂದ ಸುಳ್ಳ ಇರಲಿ…

ಕೇಳಬ್ಯಾಡ ಕಸ್ತೂರಿ.

ನೀ ಕೇಳಿಲ್ಲ, ಹೌದು. ಕಣ್ಣಾಗ ಕೇಳಾಕತ್ತಿ. ಆಕೀ ಮಣ್ಣಿನ ದಿನಾ ನೀ ಇದ ಬಾಗಲದಾಗ ನಿಂತ, ಒಂದ ಮುಷ್ಟಿ ಮಣ್ಣಾರ ಹಾಕಿ ಬರ್ರಿ ಅಂತ ಕೈ ಮುಗದಿ. ಅವನ ಹೆಂಡತಿ ಮಣ್ಣಿಗೆ ನಾ ಬರೂದಿಲ್ಲ, ಮೊದಲ ಅವ ತಪ್ಪ ಒಪ್ಪಿಕೊಳ್ಳಲಿ ಅಂದೆ. ಈಗ ವರ್ಷ ಎಣಸಾಕತ್ತಿ ನೀ, ತಿಳಿತೇತಿ ನನಗ.

ನಾಕ ವರ್ಷ ಆತು, ನಾ ಅರ್ಜಿ ನೋಡಿ.

ಆಗ ಶೇವಂತಿ ಇನ್ನೂ ಇದ್ದಳು.