ಸಾರೆಪ್ತಾದ ಮೂರನೆಯ ಬೆಂಚು

ಮಾನ್ಯ ಮೇಯರ್ ಅವರೇ, ಈ ಕಟ್ಟಡ ಕಟ್ಟಿಸಿದ ಕಂಪನಿಯ ಹಿರಿಯರೇ, ಪುಕ್ಕಟೆ ಪಾಪ್‌ಕಾರ್ನಿನ ಆಸೆಗಾದರೂ ಈ ಉದ್ಘಾಟನೆಗೆ ಬಂದು ಕುಳಿತಿರುವ ಸ್ವಾನ್ಸಿ ಊರಿನ ಸಭಿಕರೇ,

ನಾನು ಎಲ್ವಿನ್ ಪ್ರಾಸರ್. ಈ ಜಾಗದಲ್ಲಿ ಮೊದಲಿದ್ದ ಸಾರೆಪ್ತಾ ಚಾಪೆಲಿನ, ಅಂದರೆ ನಮ್ಮ ಪುಟ್ಟ ಪ್ರಾರ್ಥನಾ ಮಂದಿರದ, ಕೊನೆಯ ಕಾರ್ಯದರ್ಶಿ. ಈಗ ಮೇಲೆ ನಲವತ್ತು ಮಳಿಗೆ, ಹೊರಗೆ ಎಂದಿನಂತೆ ಮಳೆ. ನಾವು ಕುಳಿತಿರುವ ಈ ಸಿನಿಮಾ ಹಾಲು ಮಾತ್ರ ಸರಿಯಾಗಿ ಚಾಪೆಲ್ ಇದ್ದಲ್ಲೇ ಇದೆ. ಪಾದ್ರಿಗಳು ನಿಲ್ಲುತ್ತಿದ್ದ ಕಡೆ ಪರದೆ ಬಂದಿದೆ. ಅಂದೂ ಜನ ಆಚೆಯ ಲೋಕದ ಕಥೆ ಕೇಳಲು ಬರುತ್ತಿದ್ದರು, ಇಂದೂ ಬರುತ್ತಾರೆ. ಕುರ್ಚಿ ಮೆತ್ತಗಾಗಿದೆ, ಅಷ್ಟೇ.

ಹೋದ ವಾರ ನಮ್ಮ ಹಳಬರಿಗೆಂದು ಇಲ್ಲಿ ಒಂದು ಸಿನಿಮಾ ತೋರಿಸಿದರು. ಟಿಕೆಟಿನಲ್ಲಿ ಸೀಟಿನ ನಂಬರು ಇತ್ತು. ಅದನ್ನು ಯಾರು ನೋಡುತ್ತಾರೆ? ಎಲ್ಲರೂ ಬಾಗಿಲಿನಿಂದ ಹೆಜ್ಜೆ ಎಣಿಸಿಕೊಂಡು ಹೋಗಿ ತಮ್ಮ ತಮ್ಮ ಮನೆತನದ ಬೆಂಚು ಇದ್ದಲ್ಲೇ ಕುಳಿತರು. ಮ್ಯಾನೇಜರ್ ಕೆರಿ ಎಂಬ ಹುಡುಗಿ ಎಂಬತ್ತೆಂಟು ವರ್ಷದ ಬ್ಲೋಡ್ವೆನ್ ಅಜ್ಜಿಯ ಹತ್ತಿರ ಬಂದಳು.

"ಅಜ್ಜಿ, ನಿಮ್ಮ ಸೀಟು ಹಿಂದಿದೆ."

"ಇಲ್ಲ ಮಗಾ, ನಮ್ಮದು ಕಂಬದ ಪಕ್ಕ."

"ಇಲ್ಲಿ ಕಂಬಾನೇ ಇಲ್ವಲ್ಲಜ್ಜಿ!"

"ಕಿತ್ತು ಹಾಕಿದ್ದು ನೀವು ತಾನೇ? ಹೋಗಿ ಹುಡುಕ್ಕೊಂಡ್ ಬಾ."

ನಗಬೇಡಿ. ಬೆಂಚು ಎಂದರೆ ನಮಗೆ ಏನೆಂದುಕೊಂಡಿರಿ? ನಮ್ಮ ಮನೆಯವರದು ಮೂರನೆಯ ಸಾಲು, ಬಲಗಡೆ, ಗೋಡೆಯ ಪಕ್ಕ. ಗೋಡೆ ಕಡೆ ಅಕ್ಕ ನೆಸ್ಟಾ, ನಡುವೆ ಅಪ್ಪ, ಈ ತುದಿಗೆ ನಾನು. ಪ್ರವಚನ ಶುರುವಾಗುತ್ತಿದ್ದಂತೆ ಅಪ್ಪ ಇಬ್ಬರಿಗೂ ಒಂದೊಂದು ಪೆಪ್ಪರ್‌ಮಿಂಟು ಕೊಡುತ್ತಿದ್ದರು. ಪ್ರವಚನ ಮುಗಿಯುವ ತನಕ ಅದು ಬಾಯಲ್ಲಿ ಉಳಿಯಬೇಕು, ಚೀಪಬಹುದು, ಕಡಿಯುವಂತಿಲ್ಲ. ನಾನು ಪ್ರತಿ ಭಾನುವಾರವೂ ಕಟಕ್ಕನೆ ಕಡಿಯುತ್ತಿದ್ದೆ. ಅಪ್ಪನ ಬೆನ್ನ ಹಿಂದಿನಿಂದ ಕೈ ಚಾಚಿ ನೆಸ್ಟಾ ಚಿವುಟುತ್ತಿದ್ದಳು. ಈ ಭಕ್ತಿಯಲ್ಲಿ ನಾವು ಬೆಳೆದೆವು.

ಕೊನೆಗೆ ನಾವು ಉಳಿದವರು ಹನ್ನೊಂದು ಜನ. ಚಾಪೆಲ್ ಮಾರಬೇಕೇ ಬೇಡವೇ ಎಂದು ಕೈ ಎತ್ತಿಸಿದೆವು. ಐದು ಕೈ ಬೇಕು, ಐದು ಕೈ ಬೇಡ. ಹನ್ನೊಂದನೆಯ ಕೈ ನನ್ನದು. ಎತ್ತಿದೆ, ಮಾರಿದೆವು.

ನೆಸ್ಟಾ ಮೆಟ್ಟಿಲ ಮೇಲೆ ನಿಂತು, "ಅಪ್ಪ ಕೂತ್ಕೊಳ್ತಿದ್ದ ಜಾಗಾನ ಮಾರ್ಬಿಟ್ಯಲ್ಲೋ, ನೀನೇನು ಮನುಷ್ಯನೇನೋ?" ಎಂದಳು. ಅದೇ ಕೊನೆಯ ಮಾತು. ಆರು ವರ್ಷವಾಯಿತು. ಪ್ರತಿ ಕ್ರಿಸ್‌ಮಸ್ಸಿಗೆ ತಪ್ಪದೆ ಕಾರ್ಡು ಕಳಿಸುತ್ತಾಳೆ, ನನ್ನ ನಾಯಿಯ ಹೆಸರಿಗೆ.

ಸೂರು ಸೋರುತ್ತಿದೆ, ಅದಕ್ಕೇ ಮಾರಿದೆವು ಎಂದು ಊರಿಗೆಲ್ಲ ಹೇಳಿದೆ. ಸೂರು ಸೋರುತ್ತಿದ್ದುದು ಸುಳ್ಳಲ್ಲ. ಆದರೆ ಅದನ್ನು ಮೊದಲು ಕಂಡವನು ನಾನೇ ಏಕೆ? ಅಪ್ಪ ತೀರಿಕೊಂಡ ಮೇಲೆ ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ನಾನು. ನಡುವಿನ ಖಾಲಿ ಜಾಗ ನೋಡಲಾರದೆ ವಾರ ವಾರವೂ ಸೂರು ನೋಡುತ್ತಾ ಕೂರುತ್ತಿದ್ದೆ. ಇದು ಈ ಹಾಳೆಯಲ್ಲಿ ಬರೆದುಕೊಂಡ ಮಾತಲ್ಲ. ಬಾಯಿಗೆ ಬಂದುಬಿಟ್ಟಿತು, ಮೇಯರ್ ಅವರು ಕ್ಷಮಿಸಬೇಕು.

ಏಕೆಂದರೆ ನೆಸ್ಟಾ ಇಲ್ಲೇ ಇದ್ದಾಳೆ. ಎಲ್ಲಿ ಎಂದು ಕೇಳಬೇಕೇ? ಮೂರನೆಯ ಸಾಲು, ಬಲಗಡೆ, ಗೋಡೆಯ ಪಕ್ಕ. ಪಕ್ಕದ ಸೀಟಿನಲ್ಲಿ ಅವಳ ಕೈಚೀಲ. ಆಗಲೇ ಯಾರೋ ಮಹನೀಯರು ಕೂರಲು ಹೋದಾಗ ಅವಳು ನೋಡಿದ ನೋಟಕ್ಕೆ ಅವರು ಹೊರಗಿನ ಮಳೆಯೇ ವಾಸಿ ಎಂದುಕೊಂಡಿರಬೇಕು.

ಇನ್ನು ಈ ಕಾಂಪ್ಲೆಕ್ಸಿಗೆ ಎಷ್ಟು ಗಾಜು, ಎಷ್ಟು ಕಬ್ಬಿಣ...

ಸಭಿಕರೇ, ನೆಸ್ಟಾ ಕೈಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಅದರೊಳಗೆ ಏನನ್ನೋ ಹುಡುಕುತ್ತಿದ್ದಾಳೆ. ಬಿಳಿ ಕಾಗದದ ಸುರುಳಿ... ಪೆಪ್ಪರ್‌ಮಿಂಟು!

ಗಾಜು, ಕಬ್ಬಿಣದ ಲೆಕ್ಕ ಇನ್ನೂ ನಾಲ್ಕು ಹಾಳೆ ಇದೆ; ಬೇಕಾದವರು ಇಲ್ಲಿಂದ ತೆಗೆದುಕೊಳ್ಳಿ. ಕರೆದವರಿಗೂ, ಕುಳಿತವರಿಗೂ, ಕಂಬ ಹುಡುಕಿದ ಕೆರಿಗೂ ವಂದನೆಗಳು. ಸ್ವಲ್ಪ ಕಾಲು ಮಡಚಿಕೊಳ್ಳಿ, ಮೂರನೆಯ ಸಾಲಿನವರು ದಾರಿ ಬಿಡಿ.

ಈ ಸಲ ಕಡಿಯಲ್ಲ, ಅಕ್ಕಾ.

ಎಲ್ಲರಿಗೂ ನಮಸ್ಕಾರ.