ಸುವಾರ್ತಮ್ಮನ ಕಥೆಗೆ ಬೇರೆ ಕೊನೆ

ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ನಾಗವೇಣಿ ಕೂತಿದ್ದ ಬೆಂಚಿಗೇ ಬಂದು ಇಬ್ಬರು ಕೂತರು. ಒಬ್ಬಾಕೆ ನಡುವಯಸ್ಸಿನ ಸುವಾರ್ತಮ್ಮ. ಇನ್ನೊಬ್ಬ ಚರ್ಚಿನ ಪತ್ರಿಕೆಯ ಸಂಪಾದಕ ಸ್ಯಾಮುಯೇಲ. ಅವನು ಫೋನನ್ನು ಆಕೆಯ ಮೂಗಿಗೇ ಹಿಡಿದಿದ್ದ. ನಾಗವೇಣಿ ತಲೆ ತಗ್ಗಿಸಿಕೊಂಡೇ ಕೇಳಿಸಿಕೊಂಡಳು.

“ಈ ಆ್ಯಪ್ ಕ್ರೈಸ್ತ ಕಥೆ ಬರೆಯೋರಿಗಂತ್ಲೇ ಮಾಡಿರೋದು ಸಿಸ್ಟರ್. ಬೈಬಲ್ ವಚನ ಹುಡುಕ್ತೈತೆ, ಪಾತ್ರಕ್ಕೆ ಹೆಸ್ರಿಡ್ತೈತೆ. ನಿಮ್ಮ ಕಥೆ ಹಾಕ್ದೆ, ಒಂದ್ ನಿಮಿಷಕ್ಕೆ ತಿದ್ದಿ ಕೊಡ್ತು.”

“ಓದ್ರಿ ಬ್ರದರ್, ಕೇಳಾಣ.”

“‘ಸಾರಾಳು ದ್ರಾಕ್ಷಿತೋಟದಲ್ಲಿ ಮೊಣಕಾಲೂರಿದಳು...’”

“ಯಾವ ಸಾರಾ? ನಾ ಬರ್ದಿದ್ದು ನಮ್ಮವ್ವ ತಿಪ್ಪಮ್ಮನ್ನ. ಶೇಂಗಾ ಹೊಲ ಎಲ್ಲೋಯ್ತು?”

“ತಿಪ್ಪಮ್ಮ ಅಂದ್ರೆ ವಿಶ್ವಾಸಿ ಅನ್ಸಲ್ಲ ಸಿಸ್ಟರ್. ಮುಂದೆ ಕೇಳ್ರಿ. ‘ಪ್ರಾರ್ಥನೆ ಮುಗಿಯುತ್ತಲೇ ಸಾಯುತ್ತಿದ್ದ ಮಗು ಕಣ್ಣು ತೆರೆದು ಹಾಲು ಕೇಳಿತು.’”

ಸುವಾರ್ತಮ್ಮ ಹಳಸಿದ ಅನ್ನ ಬಾಯಿಗಿಟ್ಟವರಂತೆ ಮುಖ ಕಿವುಚಿದರು.

“ನನ್ನ ತಮ್ಮ ಏಳ್ಲೇ ಇಲ್ವಲ್ರೀ! ಅವನ್ನ ಮಣ್ಣು ಮಾಡಿ ಬಂದ ಮ್ಯಾಲೂ ಅವ್ವ ಪ್ರಾರ್ಥನೆ ಬಿಡ್ಲಿಲ್ಲ. ನಾ ಬರ್ದಿದ್ದೇ ಅದಕ್ಕೆ.”

“ಸತ್ರೆ ಅದು ದೇವ್ರ ಮಹಿಮೆಗೆ ಸಾಕ್ಷಿ ಆಗಲ್ಲ ಸಿಸ್ಟರ್. ಕ್ರಿಸ್‌ಮಸ್ ಸಂಚಿಕೆ ಬೇರೆ. ಹಿಂಗಿದ್ರೆ ನಿಮ್ಮ ಫೋಟೋ ಸಮೇತ ಹಾಕ್ತೀನಿ.”

“ಥೂ! ದೇವ್ರು ಮಾಡ್ದೇ ಇದ್ದಿದ್ನ ಮಾಡ್ದ ಅಂತ ಸುಳ್ಳೇಳಿ, ದೇವ್ರ ಮರ್ಯಾದೆ ನಾನು ಉಳಿಸ್ಬೇಕಾ?”

“ಹಂಗಾದ್ರೆ ಅಚ್ಚಾಗಲ್ಲ, ನೋಡ್ರಿ.”

“ಬ್ಯಾಡ ಬಿಡ್ರಿ. ನಮ್ಮವ್ವನ್ನ ಅದ್ರಾಗಿಂದ ಅಳಿಸ್ರಿ ಮೊದ್ಲು.”

ಚಿತ್ರದುರ್ಗದ ಬಸ್ ಬಂತು. ಸುವಾರ್ತಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿಬಿಟ್ಟರು. ಸ್ಯಾಮುಯೇಲ ಫೋನಿನ ಮೇಲೆ ಬೆರಳಾಡಿಸುತ್ತಾ ಕಿಟಕಿಯ ಪಕ್ಕದಲ್ಲೇ ಓಡಿದ.

“ತಡೀರಿ ಸಿಸ್ಟರ್! ಅಳೋ ಕಥೆ ಬೇಕಂದ್ರೆ ಅದನ್ನೂ ಬರ್ಕೊಡ್ತೈತೆ!”