ಬಾವುಟದ ಬಣ್ಣದ ಬಿಲ್ಲೆ

ದವಾಖಾನೆಯ ಬೆಂಚಿನ ಮೇಲೆ ನನ್ನ ಪಕ್ಕ ಗುರುತಿಲ್ಲದ ಇಬ್ಬರು, ಅತ್ತಿಗೆ, ನಾದಿನಿ ಕೂತಿದ್ದರು.

"ಈ ನೀರಿನ ಬಾಟ್ಲಿ ಹೊರದೇಶದ್ದಲ್ವಾ ಅತ್ತಿಗೆ? ನಮ್ಮ ದೇಶದ್ದೇ ತಗೋಬಾರ್ದಿತ್ತಾ?"

"ನಮ್ಮ ದೇಶದ ಅಂಗಿ ಹೊಲಿದೇ ಕಣೇ ನನಗೆ ಉರಿಮೂತ್ರ ಬಂದಿರೋದು! ಗಾರ್ಮೆಂಟ್ಸಲ್ಲಿ ಬಾತ್‌ರೂಮಿಗೆ ಹೋಗ್ಬೇಕಂದ್ರೆ ಸೂಪರ್‌ವೈಸರ್ ಹತ್ರ ಬಿಲ್ಲೆ ಇಸ್ಕೋಬೇಕು. ಸಾಲಲ್ಲಿ ಕೂತು ಹೊಲಿಯೋ ಇಡೀ ಲೈನಿಗೆ ಒಂದೇ ಬಿಲ್ಲೆ. ಅದಕ್ಕೇ ಯಾರೂ ನೀರೇ ಕುಡಿಯಲ್ಲ."

"ಈಗಿನ ಮಾಲೀಕ ನಮ್ಮೋನೇ ಅಲ್ವಾ?"

"ನಮ್ಮೋನೇ. ಹಿಂದಿನ ಪರದೇಶದೋನು ಇಟ್ಟಿದ್ದ ಬಿಲ್ಲೆಗೆ ಬಾವುಟದ ಬಣ್ಣ ಹೊಡೆಸಿದಾನೆ, ಅಷ್ಟೇ."

ಅತ್ತಿಗೆ ಚೀಲದಿಂದ ಆ ಬಿಲ್ಲೆ ತೆಗೆದು ತೋರಿಸಿದಳು.

"ಅಯ್ಯೋ, ಎತ್ಕೊಂಡು ಬಂದ್ರಾ? ಉಳಿದೋರು ಹೆಂಗೆ ಹೋಗ್ತಾರೆ?"

"ಕೇಳದೇ ಹೋಗ್ತಾರೆ. ಎಲ್ಲರೂ ಮಾತಾಡ್ಕೊಂಡೇ ತಂದಿದ್ದು."

"ಕೆಲಸದಿಂದ ತೆಗೆದ್ರೆ?"

"ಇಡೀ ಲೈನನ್ನೇ ತೆಗೀಲಿ, ನೋಡೋಣ. ಅಂಗಿ ಅವರಪ್ಪ ಹೊಲೀತಾನಾ?"

ಒಳಗಿಂದ ಕರೆದರು. ಅತ್ತಿಗೆ ಬಾಟ್ಲಿಯನ್ನು ಗಟಗಟ ಖಾಲಿ ಮಾಡಿ ನಾದಿನಿಯ ಕೈಗಿಟ್ಟಳು.

"ತುಂಬಿಸ್ಕೊಂಡು ಬಾ. ನಾಳೆ ನೀರು ಕುಡಿದೇ ಕೆಲಸಕ್ಕೆ ಹೋಗ್ತೀನಿ."